14 ದಿನದ ಸಜೆಗೆ ಸುಳ್ಳು ಹೆದರುತ್ತದೆಯೇ?

ಅಮೆರಿಕದ ಫೆಡರಲ್ ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹೆಸರುವಾಸಿಗಳಿಗೆ ಆದ ಶಿಕ್ಷೆ ನೋಡಿ. ಟ್ರಂಪ್ ಅವರ 2016ರ ಚುನಾವಣಾ ಪ್ರಚಾರದಲ್ಲಿ ಸಲಹೆಗಾರರಾಗಿದ್ದ ಜಾರ್ಜ್ ಪಾಪಡೊಪೌಲಸ್‌ಗೆ 14 ದಿನ. ವಕೀಲ ಅಲೆಕ್ಸ್ ವಾನ್ ಡರ್ ಜ್ವಾನ್‌ಗೆ 30 ದಿನ. ಟಿವಿ ತಾರೆ, ಉದ್ಯಮಿ ಮಾರ್ಥಾ ಸ್ಟೀವರ್ಟ್‌ಗೆ 5 ತಿಂಗಳು. ಓಟಗಾರ್ತಿ ಮರಿಯನ್ ಜೋನ್ಸ್‌ಗೆ 6 ತಿಂಗಳು. ಇದನ್ನು ಕೇಳಿದವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ‘ಇಷ್ಟಕ್ಕೆ ಯಾರು ಹೆದರುತ್ತಾರೆ, ಐದು ವರ್ಷ ಒಳಗೆ ಹಾಕಬೇಕಿತ್ತು’ ಎನ್ನುವುದು ಒಂದು. ‘ದೊಡ್ಡವರನ್ನು ನಾಲ್ಕು ದಿನ ಜೈಲಿಗೆ ಕಳಿಸಿದರೂ ಸಾಕು, ಮಿಕ್ಕವರು ಪಾಠ ಕಲಿಯುತ್ತಾರೆ’ ಎನ್ನುವುದು ಇನ್ನೊಂದು. ಎರಡಕ್ಕೂ ಆಧಾರ ತೀರ ತೆಳು.

ಅದಕ್ಕೂ ಮೊದಲು ಕಾನೂನಿನ ಬಗ್ಗೆಯೇ ಇರುವ ಒಂದು ತಪ್ಪು ತಿಳಿವಳಿಕೆ. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಮಾತ್ರ ಅಪರಾಧ ಎಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ದಂಡಸಂಹಿತೆಯ 1001ನೇ ಸೆಕ್ಷನ್‌ಗೆ ಪ್ರಮಾಣ ಬೇಕಿಲ್ಲ. ಮನೆಬಾಗಿಲಿಗೆ ಬಂದ ಎಫ್‌ಬಿಐ ಅಧಿಕಾರಿಯ ಪ್ರಶ್ನೆಗೆ, ವಿಷಯಕ್ಕೆ ಸಂಬಂಧಪಟ್ಟ ಸುಳ್ಳನ್ನು ಗೊತ್ತಿದ್ದೂ ಹೇಳಿದರೆ ಸಾಕು, ಗರಿಷ್ಠ 5 ವರ್ಷ ಸಜೆ. ಭಯೋತ್ಪಾದನೆಯ ವಿಷಯವಾದರೆ 8 ವರ್ಷ. ಆರೋಪ ಅಲ್ಲಗಳೆಯಲು ಬರೀ ‘ಇಲ್ಲ’ ಎಂದರೆ ಅಪರಾಧವಲ್ಲ ಎಂದು ಕೆಲವು ಕೆಳ ನ್ಯಾಯಾಲಯಗಳು ಒಪ್ಪಿದ್ದವು. 1998ರಲ್ಲಿ ಬ್ರೋಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನೂ ತೆಗೆದುಹಾಕಿತು. ಹೆದರಿದ ಮನುಷ್ಯನ ಬಾಯಿಂದ ಬಂದ ಒಂದೇ ಪದ ಅವನನ್ನು ಜೈಲಿಗೆ ಕಳಿಸಬಲ್ಲದು. ಇಷ್ಟು ಕಠಿಣ ಕಾನೂನಿದೆ ಎಂದೇ ತಿಳಿಯದವನನ್ನು ಅದರ ಭಯ ಹೇಗೆ ತಡೆದೀತು?

ಸರಿ, ತಿಳಿದವರನ್ನಾದರೂ ತಡೆಯುತ್ತದೆಯೇ? ಪಾಪಡೊಪೌಲಸ್ ಎಫ್‌ಬಿಐಗೆ ಸುಳ್ಳು ಹೇಳಿ ತಪ್ಪೊಪ್ಪಿಕೊಂಡ ಸಂಗತಿ ಬಹಿರಂಗವಾದದ್ದು 2017ರ ಅಕ್ಟೋಬರ್ 30ರಂದು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಸರಿಯಾಗಿ ನಾಲ್ಕು ದಿನ ಕಳೆದು, ನವೆಂಬರ್ 3ರಂದು, ಪಾಪಡೊಪೌಲಸ್ ಮೇಲೆ ಮೊಕದ್ದಮೆ ಹೂಡಿದ್ದ ವಿಶೇಷ ತನಿಖಾ ತಂಡದ ಮುಂದೆಯೇ ಕುಳಿತ ವಾನ್ ಡರ್ ಜ್ವಾನ್ ಸುಳ್ಳು ಹೇಳಿದರು. ಅವರು ದೊಡ್ಡ ಸಂಸ್ಥೆಯೊಂದರ ವಕೀಲರು. ಕಾನೂನು ಗೊತ್ತಿತ್ತು, ನಾಲ್ಕು ದಿನ ಹಿಂದಿನ ಉದಾಹರಣೆ ಕಣ್ಣೆದುರೇ ಇತ್ತು. ಪಾಪಡೊಪೌಲಸ್‌ಗೆ ಆಗಿನ್ನೂ ಶಿಕ್ಷೆ ಪ್ರಕಟವಾಗಿರಲಿಲ್ಲ, ನಿಜ. ಅಂದರೆ ಆ ಹೊತ್ತಿಗೆ ತಲೆಯ ಮೇಲೆ ತೂಗುತ್ತಿದ್ದದ್ದು 14 ದಿನವಲ್ಲ, 5 ವರ್ಷ. ಅದೂ ತಡೆಯಲಿಲ್ಲ. ಒಂದು ಪ್ರಕರಣದಿಂದ ಎಲ್ಲರ ಬಗ್ಗೆ ತೀರ್ಮಾನ ಮಾಡಲಾಗದು. ಆದರೆ ಅಪರಾಧಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಿರುವುದಕ್ಕೆ ಇದು ಒಪ್ಪುತ್ತದೆ: ಸಿಕ್ಕಿಬೀಳುವುದು ಖಚಿತ ಎಂಬ ಅರಿವು ಮನುಷ್ಯನನ್ನು ತಡೆಯುವಷ್ಟು ಶಿಕ್ಷೆಯ ಉದ್ದ ತಡೆಯುವುದಿಲ್ಲ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಈ ವಾದ ಮುಂದಿಟ್ಟಿದ್ದರು. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ವಿಭಾಗ 2016ರಲ್ಲಿ ಪ್ರಕಟಿಸಿದ ಟಿಪ್ಪಣಿಯ ಸಾರವೂ ಇದೇ.

ಸುಳ್ಳು ಹೇಳುವವನು ಹೇಳುವ ಗಳಿಗೆಯಲ್ಲಿ ವರ್ಷಗಳ ಲೆಕ್ಕ ಹಾಕುತ್ತಿರುವುದಿಲ್ಲ. ಇವರಿಗೆ ಗೊತ್ತಾಗುವುದಿಲ್ಲ ಎಂಬ ನಂಬಿಕೆಯಷ್ಟೇ ಅವನಲ್ಲಿರುತ್ತದೆ. ಆ ನಂಬಿಕೆ ಇರುವತನಕ 14 ದಿನವೂ ಐದು ವರ್ಷವೂ ಅವನಿಗೆ ಒಂದೇ. ಕೆಲಸ, ಮಾನ, ಸಂಸಾರ ಇವುಗಳನ್ನು ಕಳೆದುಕೊಳ್ಳುವ ಭಯ ಅವನಿಗೆ ಅದಕ್ಕಿಂತ ಹತ್ತಿರದಲ್ಲಿ ಕಾಣುತ್ತದೆ.

ಒಮ್ಮೆ ಜೈಲು ಕಂಡವನು ಮತ್ತೆ ತಪ್ಪು ಮಾಡುವುದಿಲ್ಲ ಎಂಬ ಮಾತೂ ಇದೆ. ಫೆಡರಲ್ ನ್ಯಾಯಾಲಯಗಳಲ್ಲಿ ವೈಟ್ ಕಾಲರ್ ಅಪರಾಧಗಳಿಗಾಗಿ ಶಿಕ್ಷೆಗೊಳಗಾದವರ ಮುಂದಿನ ಬದುಕನ್ನು ಅಪರಾಧಶಾಸ್ತ್ರಜ್ಞ ಡೇವಿಡ್ ವೈಸ್‌ಬರ್ಡ್ ಮತ್ತು ಸಂಗಡಿಗರು ದಶಕಕ್ಕೂ ಹೆಚ್ಚು ಕಾಲದ ದಾಖಲೆಗಳಲ್ಲಿ ಹುಡುಕಿ, 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೈಲಿಗೆ ಹೋದವರಿಗೂ, ಅಂಥದೇ ಹಿನ್ನೆಲೆಯಿದ್ದು ಜೈಲು ತಪ್ಪಿಸಿಕೊಂಡವರಿಗೂ ಮರಳಿ ಅಪರಾಧ ಮಾಡುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಜೈಲಿನ ಭಯವೇ ಸುಳ್ಳಲ್ಲ. ಕೋರ್ಟ್ ವಿಧಿಸಿದ ಹಣ ಕಟ್ಟದೆ ಉಳಿಸಿಕೊಂಡಿದ್ದವರ ಮೇಲೆ ನ್ಯೂಜೆರ್ಸಿಯಲ್ಲಿ ಇದೇ ವೈಸ್‌ಬರ್ಡ್ ಪ್ರಯೋಗವೊಂದನ್ನು ನಡೆಸಿದರು. ಕಟ್ಟದಿದ್ದರೆ ಜೈಲು ಎಂದು ಸ್ಪಷ್ಟವಾಗಿ ಎಚ್ಚರಿಸಿದಾಗ ಜನ ಹೆಚ್ಚು ಹಣ ಕಟ್ಟಿದರು. ಅಲ್ಲಿ ಕೆಲಸ ಮಾಡಿದ್ದು ಸಜೆಯ ದಿನಗಳ ಎಣಿಕೆಯಲ್ಲ. ಏನು ಮಾಡದಿದ್ದರೆ ಏನಾಗುತ್ತದೆ ಎಂಬುದು ಮುಂಚೆಯೇ ತಿಳಿದಿತ್ತು, ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ತನಿಖಾಧಿಕಾರಿಯ ಮುಂದೆ ಕುಳಿತ ಎಷ್ಟೋ ಜನರಿಗೆ ಅಂಥ ಅರಿವೂ ಇರುವುದಿಲ್ಲ, ಅಂಥ ಖಚಿತತೆಯೂ ಇರುವುದಿಲ್ಲ. ಬಂಧಿಸದೆ ಸುಮ್ಮನೆ ಮಾತಿಗೆ ಕೂರಿಸಿದಾಗ ಅಧಿಕಾರಿಗಳು ಸುಮ್ಮನಿರುವ ಹಕ್ಕಿದೆ ಎಂಬಂಥ ಎಚ್ಚರಿಕೆಯನ್ನೂ ಕೊಡಬೇಕಾಗಿಲ್ಲ.

ಇಷ್ಟರ ಮೇಲೆ ಕ್ಷಮಾದಾನ ಬೇರೆ. ಪಾಪಡೊಪೌಲಸ್, ವಾನ್ ಡರ್ ಜ್ವಾನ್ ಇಬ್ಬರಿಗೂ 2020ರ ಡಿಸೆಂಬರ್‌ನಲ್ಲಿ ಟ್ರಂಪ್ ಕ್ಷಮೆ ಕೊಟ್ಟರು. ಶಿಕ್ಷೆ ಖಚಿತ ಎಂಬ ಭಾವನೆಯನ್ನು ಸಣ್ಣ ಸಜೆಗಿಂತ ಹೆಚ್ಚು ಹಾಳುಮಾಡುವುದು ಇಂಥ ನಡೆ.

ಹಾಗಾದರೆ ಸಣ್ಣ ಸಜೆ ತಮಾಷೆಯೇ? ಖಂಡಿತ ಅಲ್ಲ. 14 ದಿನವಾಗಲಿ 5 ವರ್ಷವಾಗಲಿ ಅದು ‘ಫೆಲನಿ’, ಗಂಭೀರ ಅಪರಾಧ. ಆ ದಾಖಲೆ ನೌಕರಿ, ಲೈಸೆನ್ಸ್ ಎಲ್ಲಕ್ಕೂ ಅಡ್ಡ ಬರುತ್ತದೆ. ಸ್ಟೀವರ್ಟ್ 2001ರ ಡಿಸೆಂಬರ್‌ನಲ್ಲಿ ಇಮ್‌ಕ್ಲೋನ್ ಕಂಪನಿಯ ಷೇರು ಮಾರಿ ತಪ್ಪಿಸಿಕೊಂಡ ನಷ್ಟ ಸುಮಾರು 45 ಸಾವಿರ ಡಾಲರ್. ಆ ಮಾರಾಟಕ್ಕಾಗಿ ಒಳಮಾಹಿತಿ ವಹಿವಾಟಿನ ಕ್ರಿಮಿನಲ್ ಆರೋಪ ಅವರ ಮೇಲೆ ಬರಲೇ ಇಲ್ಲ. 2004ರಲ್ಲಿ ಅವರು ಅಪರಾಧಿ ಎನಿಸಿದ್ದು ತನಿಖೆಗೆ ಅಡ್ಡಿ, ಸುಳ್ಳು ಹೇಳಿಕೆ ಮತ್ತು ಅದರ ಒಳಸಂಚಿಗೆ. 5 ತಿಂಗಳು ಜೈಲು, ಮತ್ತೆ 5 ತಿಂಗಳು ಗೃಹಬಂಧನ. ತಪ್ಪಿಗೆ ಪ್ರತಿಫಲವಾಗಿ ಇಂಥ ಶಿಕ್ಷೆ ನ್ಯಾಯವೇ ಎನ್ನಬಹುದು. ಅದು ಮುಂದಿನ ಸುಳ್ಳನ್ನು ತಡೆಯುತ್ತದೆ ಎಂದು ಮಾತ್ರ ಹೇಳಿಕೊಳ್ಳಬಾರದು.

ಸಜೆ ಉದ್ದ ಮಾಡುವ ಬದಲು ಮಾಡಬೇಕಾದ್ದು ಬೇರೆ: ‘ಇಲ್ಲಿ ಸುಳ್ಳು ಹೇಳುವುದೇ ಅಪರಾಧ’ ಎಂದು ಪ್ರಶ್ನೆ ಕೇಳುವ ಮುನ್ನವೇ ತಿಳಿಸಬೇಕು, ಮಾತುಕತೆಯನ್ನು ರೆಕಾರ್ಡ್ ಮಾಡಬೇಕು. ಆಗ ಹೇಳಿದ್ದನ್ನು ಹೇಳಿಲ್ಲ ಎನ್ನಲು ಅಧಿಕಾರಿಗೂ ಉತ್ತರಿಸಿದವನಿಗೂ ಆಗುವುದಿಲ್ಲ.

ಅಮೆರಿಕದಲ್ಲಿ ಓದು, ಉದ್ಯೋಗ ಅಂತ ನೆಲೆಸಿರುವ ನಮ್ಮವರಿಗೂ ಇದು ದೂರದ ಸಂಗತಿಯಲ್ಲ. 1001ನೇ ಸೆಕ್ಷನ್ ಬಾಯಿಮಾತಿಗಷ್ಟೇ ಅಲ್ಲ, ಫೆಡರಲ್ ಇಲಾಖೆಗೆ ಕೊಡುವ ಲಿಖಿತ ಹೇಳಿಕೆಗೂ ಅನ್ವಯಿಸುತ್ತದೆ. ಅಧಿಕಾರಿ ಬಾಗಿಲು ತಟ್ಟಿದರೆ ಗಾಬರಿಯಲ್ಲಿ ಏನೋ ಒಂದು ಹೇಳಿ ಕಳಿಸಬೇಡಿ. ‘ನನ್ನ ವಕೀಲರ ಜೊತೆ ಮಾತಾಡಿ ಹೇಳುತ್ತೇನೆ’ ಎನ್ನಿ. ಸುಮ್ಮನಿರುವ ಹಕ್ಕನ್ನು ಅಲ್ಲಿನ ಸಂವಿಧಾನ ಕೊಟ್ಟಿದೆ, ಸುಳ್ಳು ಹೇಳುವ ಹಕ್ಕನ್ನು ಕೊಟ್ಟಿಲ್ಲ.