ಕೆಲಸ ಹೋದರೂ ಹವ್ಯಾಸ ಬಿಡಬೇಡಿ, ಅದರ ಖರ್ಚು ಇಳಿಸಿ

ಚಂದಾಪುರ: ಸೇಡಂ, ವಾಡಿ, ಶಹಾಬಾದ್ ಭಾಗದಲ್ಲಿ ಸಿಮೆಂಟ್ ಫ್ಯಾಕ್ಟರಿ, ಫರಸಿ ಕಲ್ಲಿನ ಕೆಲಸವೇ ಎಷ್ಟೋ ಮನೆಗಳಿಗೆ ಆಧಾರ. ಕೆಲಸ ಹೋದರೆ ಭಜನೆ, ವಾಲಿಬಾಲ್, ಓದಿಗೂ ಕತ್ತರಿ ಬೀಳುತ್ತದೆ. 'ದುಡಿಮೆನೇ ಇಲ್ಲ, ಇದೆಲ್ಲ ಯಾಕ್ ಬೇಕು' ಅಂತ ಮಾತು ಬರುತ್ತದೆ.

ಬಿಡುವು ಸಿಕ್ಕಿತೆಂದು ಹವ್ಯಾಸ ತಾನಾಗಿ ಉಳಿಯುವುದಿಲ್ಲ. ಆಸ್ಟ್ರಿಯಾದ ಮರಿಯೆಂಥಾಲ್ ಊರಲ್ಲಿ 1930ರ ಸುಮಾರಿಗೆ ಬಟ್ಟೆ ಗಿರಣಿ ಮುಚ್ಚಿತ್ತು. ಮರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜನಜೀವನ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ತಂದರು. ಗ್ರಂಥಾಲಯದ ಶುಲ್ಕ ತೆಗೆದರೂ, ಜನ ಒಯ್ಯುವ ಪುಸ್ತಕಗಳು 1929ರಿಂದ 1931ರೊಳಗೆ ಸುಮಾರು ಅರ್ಧಕ್ಕೆ ಇಳಿದಿದ್ದವು. ಕೆಲಸದ ಜೊತೆ ದಿನದ ಹೊತ್ತುಗೊತ್ತೂ ತಪ್ಪಿತ್ತು.

ಮೊದಲು ಬಾಕಿ ಹಣ ಕೇಳಿ. ಕನಿಷ್ಠ ಒಂದು ವರ್ಷ ಸತತ ದುಡಿದ ಕಾರ್ಮಿಕರನ್ನು ತೆಗೆದುಹಾಕಿದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕೆಂದು ಕಾನೂನು ಹೇಳುತ್ತದೆ. ಕಾಯಂ ನೌಕರರಿಗೆ 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ ಬೇರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂ. ಇದ್ದು 10 ವರ್ಷ ದುಡಿದವರಿಗೆ ಅದು 75,000 ರೂ. ಆಗುತ್ತದೆ.

ಕಿರಾಣಿ ಉದ್ರಿ ಇದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ, ಕಂತು ಮಾಡಿಕೊಳ್ಳಿ. ಹವ್ಯಾಸಕ್ಕೆ ಹೊಸ ಸಾಮಾನು ಬೇಡ, ಅದಕ್ಕಾಗಿ ಸಾಲವಂತೂ ಬೇಡವೇ ಬೇಡ. ಆದರೆ ಇದ್ದ ಹಾರ್ಮೋನಿಯಂ ಗಡಿಬಿಡಿಯಲ್ಲಿ ಮಾರಬೇಡಿ. ಬೆಳಿಗ್ಗೆ ಕೆಲಸ ಹುಡುಕಾಟ, ಸಂಜೆ ಒಂದು ತಾಸು ಹವ್ಯಾಸ ಎಂದು ಹೊತ್ತು ಗೊತ್ತು ಮಾಡಿ. ಭಜನಾ ಮಂಡಳಿಯಲ್ಲೋ ಮೈದಾನದಲ್ಲೋ ಕೆಲಸ ಬೇಕಾಗಿದೆ ಅಂತ ನಾಲ್ಕು ಜನರಿಗೆ ಹೇಳಿ. ಎಲ್ಲಿ ಆಳು ಬೇಕಾಗಿದೆ ಎಂಬ ಸುದ್ದಿ ಅಲ್ಲೇ ಸಿಕ್ಕೀತು.