ಹೊಸ ಹಿಮಕ್ಕೆ ಅಗಲದ ಸ್ಕೀ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯಲ್ಲಿ. ಹಿಮವೇ ಬೀಳದ ಈ ಸೀಮೆಗೂ ಸ್ಕೀಯಿಂಗ್ ಈಗ ಅಪರಿಚಿತವಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್‌ಕಂಟ್ರಿ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಆ ಸ್ಪರ್ಧೆಯ ಸ್ಕೀ ಐದು ಸೆಂಟಿಮೀಟರಿಗಿಂತ ಕಿರಿದು. ಯಂತ್ರ ಒತ್ತಿ ಹದಮಾಡಿದ ಹಾದಿಗೆ ಹೇಳಿ ಮಾಡಿಸಿದ್ದು. ಜಯನಗರದಿಂದಲೋ ಬನಶಂಕರಿಯಿಂದಲೋ ಕಾಶ್ಮೀರದ ಗುಲ್ಮಾರ್ಗಿಗೆ ಹೋದ ಹವ್ಯಾಸಿಗೆ ಅಲ್ಲಿನ ಅಫರ್ವಟ್ ಬೆಟ್ಟದ ಇಳಿಜಾರಿನಲ್ಲಿ ಎದುರಾಗುವುದು ಯಂತ್ರ ಮುಟ್ಟದ, ಹತ್ತಿಯಂತೆ ಸಡಿಲವಾದ ಹಿಮ. ಅಲ್ಲಿ ಅಗಲದ ಸ್ಕೀ ಬೇಕು.

ಕಾರಣ ಒತ್ತಡದಲ್ಲಿದೆ. 75 ಕಿಲೋ ತೂಕದವರ ಎರಡು ಬೂಟುಗಳ ಅಡಿಭಾಗ ಸುಮಾರು 500 ಚದರ ಸೆಂಟಿಮೀಟರ್, 180 ಸೆಂ.ಮೀ. ಉದ್ದ, ಸರಾಸರಿ 12 ಸೆಂ.ಮೀ. ಅಗಲದ ಜೋಡಿ ಸ್ಕೀಗಳದ್ದು 4,300ಕ್ಕೂ ಹೆಚ್ಚು. ಅದೇ ತೂಕ ಎಂಟು ಪಟ್ಟಿಗೂ ಮಿಗಿಲಾಗಿ ಹರಡಿಕೊಳ್ಳುವುದರಿಂದ ಕಾಲು ಹೂತುಹೋಗದೆ ತೇಲುತ್ತದೆ. ಆಸ್ಟ್ರಿಯದ ರೂಪರ್ಟ್ ಹೂಬರ್ 1980ರ ದಶಕದ ಕೊನೆಯಲ್ಲಿ ಸ್ನೋಬೋರ್ಡೊಂದನ್ನು ಉದ್ದಕ್ಕೆ ಸೀಳಿ ಇದನ್ನು ತೋರಿಸಿಕೊಟ್ಟರು. 2002ರಲ್ಲಿ ಸ್ಕೀಯರ್ ಶೇನ್ ಮೆಕಾಂಕಿ ರೂಪಿಸಿದ 'ಸ್ಪಾಟುಲಾ' ಸ್ಕೀಯ ತುದಿ ಮತ್ತು ಬಾಲ ಎರಡೂ ಮೇಲಕ್ಕೆ ಬಾಗಿದ್ದವು. ಈ ಮೇಲ್ಬಾಗು, ಅಂದರೆ ರಾಕರ್, ತುದಿ ಹಿಮದೊಳಗೆ ಮುಳುಗದಂತೆ ತಡೆದು ಸ್ಕೀಯನ್ನು ಪಕ್ಕಕ್ಕೆ ಜಾರಿಸುವುದನ್ನು ಸುಲಭಮಾಡುತ್ತದೆ.

ಹಗುರತನದ ಲಾಭ ಇನ್ನೊಂದು ಬಗೆಯದು. ಪೌಲೋನಿಯಾದಂಥ ಹಗುರ ಮರದ ತಿರುಳು, ಅದರ ಮೇಲೆ ಕಾರ್ಬನ್ ನಾರು ಇರುವ ಸ್ಕೀಯಲ್ಲಿ ತುದಿಗಳ ತೂಕ ಇಳಿಯುತ್ತದೆ. ತಿರುಗುವ ಅಕ್ಷದಿಂದ ದೂರವಿರುವ ದ್ರವ್ಯರಾಶಿ ಕಡಿಮೆಯಾದಂತೆ ತಿರುಗಿಸುವುದಕ್ಕೆ ಎದುರಾಗುವ ತಡೆ, ಅಂದರೆ ಜಡತ್ವ ಭ್ರಾಮಕವೂ ಕುಗ್ಗಿ, ಮರಗಳ ನಡುವೆ ಸಣ್ಣ ತಿರುವುಗಳು ಸಲೀಸಾಗಿ ಬರುತ್ತವೆ. ಸ್ಕೀಯರ್‌ಗಳು 'ಆಟವಾಡುವ ಸ್ಕೀ' ಎನ್ನುವುದು ಇದನ್ನೇ.

ಆದರೆ ಆ ಸಲೀಸಿಗೆ ಬೆಲೆಯುಂಟು. ಬೆಳಿಗ್ಗೆಯ ಸಡಿಲ ಹಿಮ ಮಧ್ಯಾಹ್ನದ ಹೊತ್ತಿಗೆ ಹಲವರ ಜಾಡಿನಿಂದ ಗುಡ್ಡೆಗುಡ್ಡೆಯಾಗುತ್ತದೆ. ಭಾರದ ಸ್ಕೀ ತನ್ನ ಸಂವೇಗದಿಂದಲೇ ಅವನ್ನು ಸೀಳಿಕೊಂಡು ಹೋದರೆ, ಹಗುರ ಸ್ಕೀ ದಿಕ್ಕು ತಪ್ಪಿ ನಡುಗುತ್ತದೆ. ಗಟ್ಟಿ ಹಿಮದಲ್ಲಿ ಅಗಲದ ಸ್ಕೀಯ ಅಂಚನ್ನು ಓರೆಮಾಡಿ ಊರಲು ಮೊಣಕಾಲು ಹೆಚ್ಚು ಶ್ರಮಪಡಬೇಕು. ಆದ್ದರಿಂದ ಸ್ಕೀಗಳ ಸರಿಯಾದ ಪರೀಕ್ಷೆ ಒಂದೇ ಬೂಟು, ಒಂದೇ ಇಳಿಜಾರು ಇಟ್ಟುಕೊಂಡು ಹೊಸ ಹಿಮ, ಕಲಕಿದ ಹಿಮ, ಗಟ್ಟಿ ಹಿಮ ಮೂರರಲ್ಲೂ ನಡೆಯಬೇಕು. ತೇಲುವಿಕೆ, ತಿರುವು, ನಡುಕ, ಅಂಚಿನ ಹಿಡಿತ ಬೇರೆಬೇರೆಯಾಗಿ ದಾಖಲಾಗಬೇಕು.

ಯಾವ ಸ್ಕೀಯೂ ಹಿಮಕುಸಿತದಿಂದ ಕಾಪಾಡುವುದಿಲ್ಲ. ಹದಮಾಡದ ಇಳಿಜಾರಿಗೆ ಸಂಕೇತ ಸೂಸುವ ಟ್ರಾನ್ಸೀವರ್, ಶೋಧನ ಕೋಲು, ಸಲಿಕೆ, ಜೊತೆಗೆ ಸ್ಥಳ ಬಲ್ಲ ಮಾರ್ಗದರ್ಶಿ ಮೊದಲು ಬೇಕು. ಸ್ಕೀಯ ಆಯ್ಕೆ ಆಮೇಲಿನದು.