ಗೂಗಲ್‌ನಲ್ಲಿ ನಮ್ಮ ಸಂಘದ ಹೆಸರು ಮುಂದೆ ಬರಬೇಕಾದರೆ



ನ್ಯಾಮತಿ, ಹೊನ್ನಾಳಿ ಭಾಗದ ನಮ್ಮ ಸಂಘಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶಾವಿಗೆ, ಹಪ್ಪಳ ಮಾಡುವವರಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಕಸೂತಿ ಮಾಡುವವರೂ ಇದ್ದಾರೆ. ಸಂತೆಯಲ್ಲಿ ಮಾರಿದಷ್ಟೇ ವ್ಯಾಪಾರ ಎನ್ನುವ ಕಾಲ ಹೋಯಿತು. ಕೆಲವು ಸಂಘಗಳಿಗೆ ಓದಿದ ಮಗನೋ ಮಗಳೋ ಒಂದು ವೆಬ್‌ಸೈಟ್ ಮಾಡಿಕೊಟ್ಟಿರುತ್ತಾರೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಅದು ಕಾಣೋದೇ ಇಲ್ಲ. ಅಷ್ಟರಲ್ಲಿ ಒಂದು ಫೋನ್ ಬರುತ್ತದೆ: "ಮೇಡಂ, ಮೂವತ್ತು ಸಾವಿರ ಕೊಡಿ, ಒಂದೇ ತಿಂಗಳಲ್ಲಿ ನಿಮ್ಮನ್ನ ಗೂಗಲ್‌ನಲ್ಲಿ ಫಸ್ಟ್ ತರ್ತೀವಿ."

ಕೊಡಬೇಕೋ, ಬೇಡವೋ? ಮೊದಲು ಲೆಕ್ಕ ಹಾಕೋಣ. 15 ಜನರ ಸಂಘದಲ್ಲಿ ಒಬ್ಬೊಬ್ಬರು ವಾರಕ್ಕೆ 50 ರೂಪಾಯಿ ಉಳಿಸಿದರೆ ವಾರಕ್ಕೆ 750 ರೂಪಾಯಿ. ಮೂವತ್ತು ಸಾವಿರ ಎಂದರೆ ಇಡೀ ಸಂಘದ 40 ವಾರದ ಉಳಿತಾಯ. ಅಷ್ಟು ದುಡ್ಡು ಕೈಬಿಟ್ಟು ಹೋಗುವ ಮುಂಚೆ ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಗೂಗಲ್ ಹುಡುಕುವುದು ಹೇಗೆ?

ಇದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ಸುತ್ತಾಟ. ಜನಗಣತಿಯವರು ಮನೆಮನೆಗೆ ಬರುವ ಹಾಗೆ ಗೂಗಲ್‌ನ ಯಂತ್ರಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಿ ಓದುತ್ತಲೇ ಇರುತ್ತವೆ. ಎರಡನೆಯದು ದಾಖಲೆ. ಯಾವ ಪುಟದಲ್ಲಿ ಏನಿದೆ ಎಂದು ದೊಡ್ಡ ಪಟ್ಟಿಯಲ್ಲಿ ಬರೆದಿಡುತ್ತವೆ. ಮೂರನೆಯದು ಸಾಲು ಹಚ್ಚುವುದು. ಯಾರಾದರೂ "ಜೋಳದ ರೊಟ್ಟಿ" ಎಂದು ಕೇಳಿದಾಗ ಆ ಪಟ್ಟಿಯಿಂದ ಯಾವುದನ್ನು ಮುಂದೆ, ಯಾವುದನ್ನು ಹಿಂದೆ ತೋರಿಸಬೇಕು ಎಂದು ಯಂತ್ರವೇ ತೀರ್ಮಾನಿಸುತ್ತದೆ.

ತೀರ್ಮಾನ ಹೇಗೆ? ಬಸ್ ಸ್ಟ್ಯಾಂಡಿನಲ್ಲಿ ಇಳಿದವರು "ಒಳ್ಳೆ ರೊಟ್ಟಿ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ, ನಾಲ್ಕು ಜನ ಯಾರ ಹೆಸರು ಹೇಳುತ್ತಾರೋ ಅಲ್ಲಿಗೆ ಹೋಗುತ್ತಾರಲ್ವಾ? 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಕಂಪನಿ ಆರಂಭಿಸಿದಾಗ ಮುಖ್ಯ ವಿಚಾರ ಇದೇ ಆಗಿತ್ತು. ಬೇರೆ ವೆಬ್‌ಸೈಟ್‌ಗಳು ಒಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದು ಶಿಫಾರಸು ಇದ್ದಂತೆ. ಈಗ ಇನ್ನೂ ಬಹಳ ಸಂಗತಿಗಳನ್ನು ನೋಡುತ್ತಾರೆ: ಕೇಳಿದ ಪ್ರಶ್ನೆಗೆ ಪುಟದಲ್ಲಿ ಉತ್ತರ ಇದೆಯೇ, ಮೊಬೈಲ್‌ನಲ್ಲಿ ಸರಿಯಾಗಿ ತೆರೆಯುತ್ತದೆಯೇ, ಮಾಹಿತಿ ನಂಬುವಂತಿದೆಯೇ.

ಯಂತ್ರ ಪದ ನೋಡುತ್ತದೆ, ಸತ್ಯ ಅದಕ್ಕೆ ತಿಳಿಯದು

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2021ರ ಜೂನ್ ಆರಂಭದಲ್ಲಿ, ಭಾರತದ ಅತಿ ಕೆಟ್ಟ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ "ಕನ್ನಡ" ಎಂದು ಮೇಲೆಯೇ ತೋರಿಸುತ್ತಿತ್ತು. ಕನ್ನಡಿಗರೆಲ್ಲ ಸಿಟ್ಟಾದರು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ನೋಟಿಸ್ ಕೊಡುವುದಾಗಿ ಹೇಳಿದರು. ಗೂಗಲ್ ಅದನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಅದು ತನ್ನ ಅಭಿಪ್ರಾಯವಲ್ಲ, ಅಂತರ್ಜಾಲದಲ್ಲಿ ಬರೆದಿರುವ ರೀತಿಯಿಂದ ಹೀಗೆ ಆಗುವುದುಂಟು ಎಂದಿತು.

ನಮಗೆ ಇದರಿಂದ ಪಾಠವೇನು? ಕೇಳುವವರ ಪದಗಳು ಮತ್ತು ಪುಟದಲ್ಲಿರುವ ಪದಗಳು ಹೊಂದಿದರೆ ಯಾರದೋ ಪುಟ ಮೇಲೆ ಬಂದುಬಿಡುತ್ತದೆ. ನಮ್ಮ ಬಗ್ಗೆ ನಾವು ಸರಿಯಾಗಿ ಬರೆದಿಡದಿದ್ದರೆ ಬೇರೆಯವರು ಬರೆದದ್ದೇ ಜನರಿಗೆ ಕಾಣುತ್ತದೆ.

ದುಡ್ಡಿಲ್ಲದೆ ನಾವೇ ಮಾಡಬಹುದಾದದ್ದು

1. ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯಿರಿ. ಇದು ಪೂರ್ತಿ ಉಚಿತ. ವೆಬ್‌ಸೈಟ್ ಇಲ್ಲದಿದ್ದರೂ ಮಾಡಬಹುದು. ಹೆಸರು, ಫೋನ್, ಕೆಲಸದ ಸಮಯ, ಫೋಟೋ ಹಾಕಿ. ಮನೆಯಲ್ಲೇ ತಯಾರಿಸಿ ತಲುಪಿಸುವವರು ವಿಳಾಸ ಮರೆಮಾಡಿ, ಯಾವ ಯಾವ ಊರಿಗೆ ಕೊಡುತ್ತೀರಿ ಎಂದಷ್ಟೇ ಹಾಕಬಹುದು. ಗೂಗಲ್ ಪರಿಶೀಲನೆ ಮಾಡುತ್ತದೆ, ಹಲವು ಸಲ ವಿಡಿಯೋ ಕೇಳುತ್ತದೆ. ಹತ್ತಿರದ ಅಂಗಡಿ ಹುಡುಕುವವರಿಗೆ ಮೂರು ವಿಷಯ ನೋಡಿ ತೋರಿಸುತ್ತಾರೆ: ಕೇಳಿದ ವಸ್ತುವಿಗೆ ಹೊಂದಿಕೆ, ದೂರ, ಹೆಸರುವಾಸಿ.

2. ಗಿರಾಕಿ ಆಡುವ ಮಾತಿನಲ್ಲೇ ಬರೆಯಿರಿ. "ಗುಣಮಟ್ಟದ ಆಹಾರ ಉತ್ಪನ್ನಗಳು" ಎಂದು ಯಾರೂ ಹುಡುಕುವುದಿಲ್ಲ. "ನ್ಯಾಮತಿಯಲ್ಲಿ ಖಡಕ್ ಜೋಳದ ರೊಟ್ಟಿ", "ಮದುವೆಗೆ ಶಾವಿಗೆ ಆರ್ಡರ್" ಎಂದು ಹುಡುಕುತ್ತಾರೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಊರಿನ ಹೆಸರು ಬಿಡಬೇಡಿ. ಕಲಬುರಗಿಯ ಮಹಿಳೆಯರು ತಮ್ಮ ರೊಟ್ಟಿಗೆ ಊರಿನ ಹೆಸರನ್ನೇ ಇಟ್ಟು "ಕಲಬುರಗಿ ರೊಟ್ಟಿ" ಎಂದು ಮಾರುತ್ತಿದ್ದಾರೆ. ಅವರ ಬಗ್ಗೆ 2025ರ ಜೂನ್ ತಿಂಗಳ "ಮನ್ ಕಿ ಬಾತ್"ನಲ್ಲೂ ಪ್ರಸ್ತಾಪ ಬಂತು.

3. ಒಂದೊಂದು ವಸ್ತುವಿಗೆ ಒಂದೊಂದು ಪುಟ ಇರಲಿ. ಯಾವುದರಿಂದ ಮಾಡಿದ್ದು, ಎಷ್ಟು ದಿನ ಇಡಬಹುದು, ತೂಕ, ಬೆಲೆ, ತರಿಸಿಕೊಳ್ಳುವುದು ಹೇಗೆ ಎಲ್ಲ ಇರಲಿ. ಒಂದೇ ಪದವನ್ನು ಐವತ್ತು ಸಲ ಬರೆದರೆ ಲಾಭವಿಲ್ಲ, ಅದನ್ನು ಗೂಗಲ್ ಮೋಸವೆಂದೇ ಎಣಿಸುತ್ತದೆ.

4. ನಿಜವಾದ ಗಿರಾಕಿಗಳಿಂದ ಅಭಿಪ್ರಾಯ ಬರೆಸಿ. ಸಂಘದವರೇ ಕೂತು ತಮಗೆ ತಾವೇ ಐದು ಸ್ಟಾರ್ ಕೊಟ್ಟುಕೊಳ್ಳಬಾರದು. ಅಭಿಪ್ರಾಯಕ್ಕೆ ಬದಲಾಗಿ ರಿಯಾಯಿತಿ ಕೊಡುವುದೂ ನಿಯಮಕ್ಕೆ ವಿರುದ್ಧ.

ಸಹಾಯಕ್ಕೆ ಜನ ಇಡುವ ಮುನ್ನ

ಹುಡುಕಾಟದಲ್ಲಿ ಮುಂದೆ ತರುವ ಕೆಲಸಕ್ಕೆ ಎಸ್‌ಇಒ ಎನ್ನುತ್ತಾರೆ. ಇದನ್ನು ಪ್ರಾಮಾಣಿಕವಾಗಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ರಾಜ್ಯದ ಎಲ್ಲ ಕಡೆ ಮಾರುವಷ್ಟು ಸರಕು ಇದ್ದು, ವೆಬ್‌ಸೈಟ್ ನಿಧಾನವಾಗಿದ್ದರೆ ಅಥವಾ ಪುಟಗಳು ಗೂಗಲ್ ಪಟ್ಟಿಗೆ ಸೇರದಿದ್ದರೆ ಅಂಥವರ ಸಹಾಯ ಬೇಕಾಗುತ್ತದೆ. ಆದರೆ ಈ ಮಾತುಗಳು ನೆನಪಿರಲಿ:

"ಫಸ್ಟ್ ತರ್ತೀವಿ, ಗ್ಯಾರಂಟಿ" ಎನ್ನುವವರನ್ನು ನಂಬಬೇಡಿ. ಮೊದಲ ಸ್ಥಾನದ ಭರವಸೆ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳಿದೆ. ದುಡ್ಡು ಕೊಟ್ಟು ಮೇಲೆ ಬರುವುದು ಜಾಹೀರಾತು ಮಾತ್ರ. ಅದರ ಮೇಲೆ "ಪ್ರಾಯೋಜಿತ" ಎಂಬ ಗುರುತು ಇರುತ್ತದೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ.

ಅವಸರ ಬೇಡ. ಸುಧಾರಣೆ ಮಾಡಿ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದು ಗೂಗಲ್‌ನದೇ ಮಾತು. ಬಿತ್ತಿದ ಮಾರನೇ ದಿನ ಮೆಕ್ಕೆಜೋಳ ತೆನೆ ಬಿಡುವುದಿಲ್ಲ.

"ಸಾವಿರ ಲಿಂಕ್ ಕೊಡಿಸ್ತೀವಿ" ಎಂದರೆ ಬೇಡ ಎನ್ನಿ. ಕೊಂಡ ಲಿಂಕ್‌ಗಳು ಸುಳ್ಳು ಶಿಫಾರಸು. 2012ರಲ್ಲಿ ಗೂಗಲ್ "ಪೆಂಗ್ವಿನ್" ಎಂಬ ಬದಲಾವಣೆ ತಂದಾಗ ಇಂಥ ದಾರಿ ಹಿಡಿದಿದ್ದ ಎಷ್ಟೋ ವೆಬ್‌ಸೈಟ್‌ಗಳು ಹಿಂದೆ ಬಿದ್ದವು. ಕೆಲಸ ಮಾಡಿದವರು ದುಡ್ಡು ತಗೊಂಡು ಹೋಗುತ್ತಾರೆ, ಶಿಕ್ಷೆ ನಿಮ್ಮ ಸಂಘದ ಹೆಸರಿಗೆ.

ಹೆಸರು, ಪಾಸ್‌ವರ್ಡ್ ಸಂಘದ್ದೇ ಆಗಿರಲಿ. ವೆಬ್‌ಸೈಟಿನ ವಿಳಾಸ, ಬಿಸಿನೆಸ್ ಪ್ರೊಫೈಲ್, ಇಮೇಲ್ ಎಲ್ಲವೂ ಸಂಘದ ಹೆಸರಿನಲ್ಲಿ ನೋಂದಣಿ ಆಗಬೇಕು. ಬೇರೆಯವರ ಹೆಸರಿನಲ್ಲಿದ್ದರೆ, ನಾಳೆ ಜಗಳವಾದಾಗ ಅಂಗಡಿಯ ಬೀಗದ ಕೈ ಅವರ ಹತ್ತಿರವೇ ಉಳಿಯುತ್ತದೆ. ಮೊದಲು ನೋಡಲಷ್ಟೇ ಅನುಮತಿ ಕೊಡಿ. ಏನು ಬದಲಾಯಿಸಬೇಕು, ಯಾಕೆ ಎಂದು ಬರೆದುಕೊಡಲಿ, ಆಮೇಲೆ ಮುಂದಿನ ಮಾತು.

"ಗೂಗಲ್‌ನಿಂದ ಮಾತಾಡ್ತಿದೀವಿ, ದುಡ್ಡು ಕಟ್ಟದಿದ್ದರೆ ನಿಮ್ಮ ಪ್ರೊಫೈಲ್ ಬಂದ್ ಆಗುತ್ತೆ" ಎಂಬ ಫೋನ್ ಬಂದರೆ ಅದು ವಂಚನೆ. ಓಟಿಪಿ ಹೇಳಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಭೆಗೆ

ಗೂಗಲ್‌ನಲ್ಲಿ ಮುಂದೆ ಬರುವುದೇ ಗುರಿಯಲ್ಲ, ಆರ್ಡರ್ ಬರುವುದು ಗುರಿ. ಒಂದು ವಹಿ ಇಟ್ಟು, ಫೋನ್ ಮಾಡಿದವರನ್ನೆಲ್ಲ "ನಮ್ಮ ಬಗ್ಗೆ ಎಲ್ಲಿ ತಿಳೀತು?" ಎಂದು ಕೇಳಿ ಬರೆದುಕೊಳ್ಳಿ. ಮೂರು ತಿಂಗಳ ಲೆಕ್ಕ ನೋಡಿದರೆ ದುಡ್ಡು ಎಲ್ಲಿ ಹಾಕಬೇಕು ಎಂದು ನಿಮಗೇ ಗೊತ್ತಾಗುತ್ತದೆ. ಜನ ಇಡಲೇಬೇಕಾದರೆ ಕನಿಷ್ಠ ಇಬ್ಬರಿಂದ ಕೊಟೇಶನ್ ತರಿಸಿ, ಅವರು ಮೊದಲು ಕೆಲಸ ಮಾಡಿಕೊಟ್ಟವರಿಗೆ ಫೋನ್ ಮಾಡಿ ವಿಚಾರಿಸಿ. ಯಾವ ತಿಂಗಳು ಯಾವ ಕೆಲಸ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ, ಮುಂಗಡ ಪೂರ್ತಿ ಕೊಡಬೇಡಿ, ರಸೀದಿ ಕೇಳಿ. ಎಲ್ಲ ಸದಸ್ಯೆಯರ ಮುಂದೆ ಓದಿ, ನಡವಳಿ ಪುಸ್ತಕದಲ್ಲಿ ಠರಾವು ಬರೆದು, ಸಹಿ ಆದ ಮೇಲೆಯೇ ಚೆಕ್ ಬರೆಯಿರಿ. ಸಂಘದ ದುಡ್ಡು ಪ್ರತಿ ಸದಸ್ಯೆಯ ಬೆವರಿನ ದುಡ್ಡು. ಅದನ್ನು ಕೇಳಿ ತಿಳಿದು ಖರ್ಚು ಮಾಡುವ ಹಕ್ಕು ನಿಮ್ಮೆಲ್ಲರದು.